ಒಂದು ಮನೆ, ಒಂದು ಕಾರು, ಒಂದು ಫೈಲು: ವಿಮಾ ಬ್ರೋಕರ್ ಕೂತ ಕಡೆಯಿಂದ

ವಿಮೆ ಬೇಕೆಂದು ಬಂದವರ ಮೊದಲ ಪ್ರಶ್ನೆ ಹೆಚ್ಚುಕಮ್ಮಿ ಒಂದೇ: "ಮನೆಗೂ ಕಾರಿಗೂ ಸೇರಿ ಪ್ರೀಮಿಯಂ ಎಷ್ಟಾಗುತ್ತೆ?" ಕೇಳಿದ ತಕ್ಷಣ ಒಂದು ಮೊತ್ತ ಹೇಳಿಬಿಟ್ಟರೆ ಗ್ರಾಹಕರಿಗೂ ಖುಷಿ, ಕೆಲಸವೂ ಬೇಗ ಮುಗಿಯುತ್ತದೆ. ಆದರೆ ಯಾವ ಆಸ್ತಿಗೆ, ಎಷ್ಟಕ್ಕೆ, ಯಾವ ಯಾವ ಅಪಾಯಕ್ಕೆ ಎಂದು ತಿಳಿಯದೆ ಹೇಳಿದ ಆ ಮೊತ್ತವೇ ಮುಂದೊಂದು ದಿನ ಜಗಳವಾಗಿ ವಾಪಸ್ ಬರುತ್ತದೆ. ಕ್ಲೇಮ್ ಕೈಗೆ ಬರುತ್ತದೋ ಇಲ್ಲವೋ ಎನ್ನುವುದು ಬಹುಪಾಲು ಪ್ರಪೋಸಲ್ ಫಾರಂ, ಅಂದರೆ ವಿಮೆ ಕೋರಿ ಕೊಡುವ ಅರ್ಜಿ, ತುಂಬಿದ ದಿನವೇ ನಿರ್ಧಾರವಾಗಿರುತ್ತದೆ. ವೃತ್ತಿನೀತಿ ಎಂದು ಪರೀಕ್ಷೆಗೆ ಓದಿದ್ದೆಲ್ಲ ಕೊನೆಗೆ ಬಂದು ನಿಲ್ಲುವುದು ಇಷ್ಟಕ್ಕೇ: ಕೇಳಬೇಕಾದದ್ದನ್ನು ಕೇಳಿದೆವೇ, ಕೇಳಿದ್ದನ್ನು ಬರೆದಿಟ್ಟೆವೇ.

ಫೈಲು ತೆರೆಯುವ ಮೊದಲು ನಾವು ಯಾರ ಪರ ಎಂದು ಹೇಳಬೇಕು. ಏಜೆಂಟ್ ಕೆಲಸ ಮಾಡುವುದು ವಿಮಾ ಕಂಪನಿಯ ಪರವಾಗಿ. ಬ್ರೋಕರ್ ಗ್ರಾಹಕರ ಪರ. ತೊಡಕೇನೆಂದರೆ, ಗ್ರಾಹಕರ ಪರ ನಿಂತ ಬ್ರೋಕರ್‌ಗೂ ಕಮಿಷನ್ ಬರುವುದು ಸಾಮಾನ್ಯವಾಗಿ ಕಂಪನಿಯಿಂದಲೇ. ಒಂದು ಕಂಪನಿ ಹೆಚ್ಚು ಕೊಡುತ್ತದೆ, ಇನ್ನೊಂದು ಕಡಿಮೆ ಕೊಡುತ್ತದೆ, ಮತ್ತೊಂದು ವರ್ಷದ ಕೊನೆಗೆ ವ್ಯಾಪಾರದ ಗಾತ್ರ ನೋಡಿ ಬೋನಸ್ ಕೊಡುತ್ತದೆ. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. "ನಮಗೆ ಕಮಿಷನ್ ಇಂಥವರಿಂದ ಬರುತ್ತದೆ, ನಾವು ನೋಡುವುದು ಇಷ್ಟು ಕಂಪನಿಗಳ ಪಾಲಿಸಿಗಳನ್ನು" ಎಂದು ಮೊದಲ ಭೇಟಿಯಲ್ಲೇ ಹೇಳಿದರೆ ಆಮೇಲಿನ ಸಲಹೆಗೆ ತೂಕ ಬರುತ್ತದೆ. ಎಷ್ಟು ಬರುತ್ತದೆ ಎಂದು ಗ್ರಾಹಕರು ಕೇಳಿದರೆ ಅದನ್ನೂ ಹೇಳಬೇಕು.

ಮನೆಯಿಂದ ಶುರು ಮಾಡೋಣ. ಮೊದಲ ಪ್ರಶ್ನೆ: ಇವರು ಮಾಲೀಕರೇ, ಬಾಡಿಗೆದಾರರೇ, ಇಲ್ಲ ಬಾಡಿಗೆಗೆ ಕೊಟ್ಟವರೇ? ಬಾಡಿಗೆದಾರರು ಗೋಡೆಗೆ ವಿಮೆ ಮಾಡಿಸಬೇಕಿಲ್ಲ. ಅವರಿಗೆ ಬೇಕಿರುವುದು ಸಾಮಾನಿನ ವಿಮೆ ಮತ್ತು ಹೊಣೆಗಾರಿಕೆಯ ವಿಮೆ, ಅಂದರೆ ಇವರ ಮನೆಯ ನಲ್ಲಿ ತೆರೆದೇ ಉಳಿದು ಕೆಳಗಿನವರ ಚಾವಣಿ ಹಾಳಾದರೆ ಕಟ್ಟಿಕೊಡುವಂಥದ್ದು. ಅಪಾರ್ಟ್‌ಮೆಂಟ್ ಆದರೆ ಸಂಘದ ಪಾಲಿಸಿಯ ಪ್ರತಿ ತರಿಸಿ ಓದದೆ ಮುಂದೆ ಹೋಗುವಂತಿಲ್ಲ. ಕೆಲವು ಸಂಘಗಳ ಪಾಲಿಸಿ ಬರಿಯ ಗೋಡೆಗೆ ನಿಲ್ಲುತ್ತದೆ, ಕೆಲವು ಮೂಲ ಟೈಲ್ಸ್, ಅಡುಗೆಮನೆಯ ಕಪಾಟಿನವರೆಗೂ ಬರುತ್ತದೆ. ಮಾಲೀಕರು ಆಮೇಲೆ ಖರ್ಚು ಮಾಡಿ ಹಾಕಿಸಿದ ಮರದ ಕೆಲಸ ಸಂಘದ ಪಾಲಿಸಿಯಲ್ಲೂ ಅವರದೇ ಪಾಲಿಸಿಯಲ್ಲೂ ಸೇರದೆ ನಡುವೆ ಬಿದ್ದುಹೋಗುವುದು ಮಾಮೂಲು.

ಆಮೇಲೆ ವಿಮಾ ಮೊತ್ತ. ಬಹುತೇಕರು ಮನೆ ಮಾರಿದರೆ ಬರುವ ಬೆಲೆ ಹೇಳುತ್ತಾರೆ. ಅದರಲ್ಲಿ ನೆಲದ ಬೆಲೆಯೂ ಸೇರಿದೆ, ನೆಲ ಸುಡುವುದಿಲ್ಲ. ನಮಗೆ ಬೇಕಿರುವುದು ಇದೇ ಮನೆಯನ್ನು ಇದೇ ಗುಣಮಟ್ಟದಲ್ಲಿ ಇವತ್ತು ಮತ್ತೆ ಕಟ್ಟಲು ತಗಲುವ ಖರ್ಚು: ಕಟ್ಟಿದ ಅಳತೆಯನ್ನು ಚದರಡಿ ದರದಿಂದ ಗುಣಿಸಿ, ಅದಕ್ಕೆ ಅವಶೇಷ ತೆಗೆದು ಸಾಗಿಸುವ ವೆಚ್ಚ, ಎಂಜಿನಿಯರ್ ಶುಲ್ಕ, ಹೊಸ ಕಟ್ಟಡ ನಿಯಮಗಳಿಗೆ ಹೊಂದಿಸುವ ವೆಚ್ಚ ಸೇರಿಸಬೇಕು. ಇಲ್ಲಿ ಕಡಿಮೆ ತೋರಿಸಿ ಪ್ರೀಮಿಯಂ ಉಳಿಸುವ ಆಸೆ ಎಲ್ಲರಿಗೂ ಇರುತ್ತದೆ. ಅದರ ಪೆಟ್ಟು ಎಲ್ಲಿ ಬೀಳುತ್ತದೆ ಎಂದು ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದರೇ ನಾಟುವುದು. ಮತ್ತೆ ಕಟ್ಟಲು 40 ಲಕ್ಷ ಬೇಕು, ವಿಮೆ ಮಾಡಿಸಿದ್ದು 30 ಲಕ್ಷಕ್ಕೆ. ಅಡುಗೆಮನೆಗೆ ಬೆಂಕಿ ಬಿದ್ದು 8 ಲಕ್ಷ ನಷ್ಟವಾಯಿತು. "30 ಲಕ್ಷದ ಪಾಲಿಸಿ ಇದೆಯಲ್ಲ, 8 ಪೂರ್ತಿ ಬರುತ್ತೆ" ಎಂದೇ ಎಲ್ಲರೂ ತಿಳಿಯುತ್ತಾರೆ. ಪಾಲಿಸಿಯಲ್ಲಿ ಆವರೇಜ್ ಕ್ಲಾಜ್, ಅಂದರೆ ಕಡಿಮೆ ಮೊತ್ತಕ್ಕೆ ವಿಮೆ ಮಾಡಿಸಿದ್ದರೆ ಪರಿಹಾರವನ್ನೂ ಅದೇ ಪ್ರಮಾಣದಲ್ಲಿ ಇಳಿಸುವ ಷರತ್ತು, ಇದ್ದರೆ ಬರುವುದು 8 ಲಕ್ಷದ 40ರಲ್ಲಿ 30 ಪಾಲು, ಅಂದರೆ 6 ಲಕ್ಷ. ಅದರಲ್ಲಿ ಡಿಡಕ್ಟಿಬಲ್, ಅಂದರೆ ಕ್ಲೇಮಿನಲ್ಲಿ ಗ್ರಾಹಕರೇ ಹೊರಬೇಕಾದ ಮೊದಲ ಪಾಲು, ಕಳೆಯುತ್ತದೆ. ಕೆಲವು ಪಾಲಿಸಿಗಳಲ್ಲಿ ಶೇಕಡ 80ರಷ್ಟು ಮೌಲ್ಯಕ್ಕೆ ಮಾಡಿಸಿದ್ದರೆ ಸಾಕು ಎಂಬ ಷರತ್ತಿರುತ್ತದೆ. ಆಗ ಬೇಕಿದ್ದದ್ದು 32 ಲಕ್ಷ, ಮಾಡಿಸಿದ್ದು 30. ಬರುವುದು 7.5 ಲಕ್ಷ. ಎರಡರಲ್ಲಿ ಯಾವ ಷರತ್ತು ಎಂದು ನೋಡದೆ ಕೊಟೇಶನ್ ಹೋಲಿಸುವ ಬ್ರೋಕರ್ ಬರೀ ಪ್ರೀಮಿಯಂ ಹೋಲಿಸಿದ ಹಾಗೆ.

ಸಾಮಾನಿನ ಪಟ್ಟಿ ಬೇಸರದ ಕೆಲಸ, ಆದರೂ ಬಿಡಬಾರದು. ಫೋನ್ ಹಿಡಿದು ಒಂದೊಂದು ಕೋಣೆ ಸುತ್ತಿ, ಕಪಾಟಿನ ಬಾಗಿಲು ತೆಗೆದು ವಿಡಿಯೊ ಮಾಡಿ, ದೊಡ್ಡ ವಸ್ತುಗಳ ಬಿಲ್ಲು ಮತ್ತು ಸೀರಿಯಲ್ ನಂಬರು ಸೇರಿಸಿ ಮನೆಯಿಂದ ಹೊರಗೆ ಒಂದು ಪ್ರತಿ ಇಡಿ ಎಂದು ಹೇಳುತ್ತೇವೆ. ಬಿಲ್ಲುಗಳೆಲ್ಲ ಬೀರುವಿನಲ್ಲಿದ್ದು, ಬೀರುವೇ ಸುಟ್ಟರೆ ತೋರಿಸುವುದೇನನ್ನು? ಸಾಮಾನಿಗೆ ಹಣ ಕೊಡುವ ಬಗೆ ಎರಡು. ಹೊಸದರ ಬೆಲೆ ಕೊಡುವ ಪಾಲಿಸಿ ಒಂದು, ಸವಕಳಿ ಕಳೆದು ಕೊಡುವುದು ಇನ್ನೊಂದು. ಹತ್ತು ವರ್ಷ ಬಾಳುವುದೆಂದು ಲೆಕ್ಕ ಹಿಡಿದ, ಹೊಸದಾಗಿ ಕೊಂಡರೆ 50,000 ಆಗುವ ಟಿವಿ ಆರು ವರ್ಷ ಹಳೆಯದಾಗಿದ್ದರೆ ಎರಡನೆಯ ಬಗೆಯಲ್ಲಿ ಸಿಗುವುದು 20,000. ಚಿನ್ನ, ನಗದು, ಕ್ಯಾಮೆರಾ, ಚಿತ್ರಕಲೆಯಂಥವಕ್ಕೆ ಒಟ್ಟು ಮೊತ್ತದೊಳಗೇ ಬೇರೆ ಮಿತಿ ಇರುತ್ತದೆ. ಆ ಮಿತಿ ಮೀರುವ ಒಡವೆ ಇದ್ದರೆ ಮೌಲ್ಯಮಾಪನ ಪತ್ರದೊಂದಿಗೆ ಒಂದೊಂದನ್ನೂ ಹೆಸರಿಸಿ ಪಾಲಿಸಿಗೆ ಸೇರಿಸಬೇಕು. ಮೈಮೇಲೆ ಹಾಕಿಕೊಂಡು ಹೊರಗೆ ಹೋದಾಗಲೂ ರಕ್ಷಣೆ ಇದೆಯೇ ಎಂದು ಕೇಳುವುದನ್ನೂ ಮರೆಯಬಾರದು.

ಮನೆ ವಿಮೆಯಲ್ಲಿ ಹೆಚ್ಚು ಮಾತು ತೆಗೆದುಕೊಳ್ಳುವುದು ನೀರು. ಬೆಂಕಿ ಎಂದರೆ ಎಲ್ಲರಿಗೂ ಒಂದೇ ಬೆಂಕಿ. ನೀರಿನ ವಿಷಯ ಹಾಗಲ್ಲ, ಪಾಲಿಸಿಯ ಕಣ್ಣಿಗೆ ಅದು ಬಂದ ದಾರಿಗೊಂದು ಹೆಸರು. ಗೋಡೆಯೊಳಗಿನ ಪೈಪು ಏಕಾಏಕಿ ಒಡೆದು ನೆಲ ಮುಳುಗಿದರೆ ಸಾಮಾನ್ಯವಾಗಿ ಕವರ್ ಇದೆ. ಅದೇ ಪೈಪು ತಿಂಗಳುಗಟ್ಟಲೆ ತೊಟ್ಟಿಕ್ಕಿ ಗೋಡೆ ಬೂಷ್ಟು ಹಿಡಿದಿದ್ದರೆ ಇಲ್ಲ, ಅದು ನಿರ್ವಹಣೆಯ ಕೊರತೆ ಎನ್ನುತ್ತಾರೆ. ಚರಂಡಿ ಪೈಪಿನಿಂದ ಕೊಳಚೆ ನೀರು ಹಿಂದಕ್ಕೆ ಉಕ್ಕಿ ಬಚ್ಚಲ ಮೂಲಕ ಒಳಬಂದರೆ ಅದಕ್ಕೆ ಹಲವು ಪಾಲಿಸಿಗಳಲ್ಲಿ ಹೆಚ್ಚುವರಿ ಷರತ್ತು ಸೇರಿಸುವ ಪ್ರತ್ಯೇಕ ಎಂಡಾರ್ಸ್‌ಮೆಂಟ್ ಬೇಕು. ಕೆರೆ, ಹೊಳೆ, ರಸ್ತೆಯ ನೀರು ಬಾಗಿಲು ದಾಟಿ ಬಂದರೆ ಅದು ಪ್ರವಾಹ. ಕೆಲವು ಪಾಲಿಸಿಯಲ್ಲಿ ಅದು ಒಳಗೇ ಇರುತ್ತದೆ, ಕೆಲವದರಲ್ಲಿ ಪೂರ್ತಿ ಹೊರಗೆ. ನೆಲದಡಿಯ ತೇವ ತಳಪಾಯದಿಂದ ಜಿನುಗಿದರೆ ಸಾಮಾನ್ಯವಾಗಿ ಯಾವುದರಲ್ಲೂ ಸಿಗುವುದಿಲ್ಲ. ಹಾಗಾಗಿ "ನೀರಿನ ಹಾನಿ ಕವರ್ ಆಗುತ್ತಾ?" ಎಂದು ಕೇಳಿದರೆ ಹೌದು ಎಂದೂ ಹೇಳಬಾರದು, ಇಲ್ಲ ಎಂದೂ ಹೇಳಬಾರದು. ಯಾವ ನೀರು ಎಂದು ಒಂದೊಂದಾಗಿ ಹೇಳಿ, ಯಾವುದು ಬೇಕು, ಯಾವುದು ಬೇಡ ಎಂದು ಗುರುತು ಹಾಕಿಸಿಕೊಳ್ಳಬೇಕು.

ಎರಡು ಕಾರಣ ಒಟ್ಟಿಗೆ ಬಂದಾಗ ಇನ್ನೂ ಸಿಕ್ಕು. ಬಿರುಗಾಳಿಗೆ ಹೆಂಚು ಹಾರಿ, ಆ ಕಿಂಡಿಯಿಂದ ಮಳೆ ಸುರಿದು ಒಳಗಿನದೆಲ್ಲ ನೆನೆದರೆ ಮೂಲ ಕಾರಣ ಬಿರುಗಾಳಿ. ಹೆಂಚು ಮೊದಲೇ ಒಡೆದು, ಅದನ್ನು ಹಾಗೇ ಬಿಟ್ಟಿದ್ದರೆ ಕಥೆ ಬೇರೆ. ಸಮಯದಲ್ಲಿ ಕೊನೆಯದಾಗಿ ನಡೆದದ್ದೇ ಕಾರಣ ಎಂದಲ್ಲ, ಪರಿಣಾಮದಲ್ಲಿ ಪ್ರಬಲವಾದದ್ದು ಯಾವುದು ಎಂದು ನೋಡಬೇಕು. ಆಗ ಬ್ರಿಟನ್ನಿನ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ 1918ರಲ್ಲಿ ಲೇಲ್ಯಾಂಡ್ ಶಿಪ್ಪಿಂಗ್ ಪ್ರಕರಣದಲ್ಲಿ ಹೇಳಿದ್ದು ಇದನ್ನೇ. ಟಾರ್ಪಿಡೊ ಏಟು ತಿಂದ ಹಡಗನ್ನು ಬಂದರಿಗೆ ತಂದು ನಿಲ್ಲಿಸಿದ್ದರು, ಅಲ್ಲಿ ಬಿರುಗಾಳಿ ಎದ್ದು ಜಾಗ ಬದಲಿಸಬೇಕಾಯಿತು, ಹೊಸ ಜಾಗದಲ್ಲಿ ಇಳಿತ ಬಂದಾಗಲೆಲ್ಲ ನೆಲಕ್ಕೆ ತಗುಲಿ ಕೊನೆಗೆ ಮುಳುಗಿತು. ಪಾಲಿಸಿಯಲ್ಲಿ ಯುದ್ಧದ ಹಾನಿ ಹೊರಗಿತ್ತು. ಗಾಳಿಯಲ್ಲ, ಟಾರ್ಪಿಡೊವೇ ನಿಜವಾದ ಕಾರಣ ಎಂದು ತೀರ್ಪಾಯಿತು, ಹಡಗಿನವರಿಗೆ ಹಣ ಸಿಗಲಿಲ್ಲ. ಕ್ಲೇಮಿನ ವಿವರಣೆ ಬರೆಯುವಾಗ ಯಾವುದು ಮೊದಲು, ಯಾವುದರಿಂದ ಯಾವುದು ಎಂಬ ಕ್ರಮ ಸರಿಯಾಗಿರಬೇಕು ಎನ್ನುವುದು ಇದಕ್ಕೇ.

ಮನೆ ಬಳಕೆಯ ಬಗ್ಗೆ ಕೇಳಲೇಬೇಕಾದ ಇನ್ನಷ್ಟು ಇದೆ. ಬಹಳ ದಿನ ಬೀಗ ಹಾಕಿರುತ್ತದೆಯೇ? ಎಷ್ಟೋ ಪಾಲಿಸಿಗಳಲ್ಲಿ 30 ದಿನವೋ 60 ದಿನವೋ ಖಾಲಿ ಬಿದ್ದರೆ ಕಳವು, ನೀರಿನ ರಕ್ಷಣೆ ನಿಂತುಹೋಗುತ್ತದೆ. ಕೋಣೆಯೊಂದನ್ನು ದಿನಬಾಡಿಗೆಗೆ ಕೊಡುತ್ತಾರೆಯೇ? ಮನೆಯಲ್ಲೇ ಹೊಲಿಗೆ, ಟ್ಯೂಷನ್, ಅಡುಗೆ ವ್ಯಾಪಾರ ಇದೆಯೇ? ಗೋಡೆ ಒಡೆದು ಕೆಲಸ ನಡೆಯುತ್ತಿದೆಯೇ? ಕಳ್ಳತನದ ರಕ್ಷಣೆಗೆ ಬೀಗ ಮುರಿದ ಗುರುತು ಬೇಕೆಂಬ ಷರತ್ತು ಇದ್ದರೆ, ತೆರೆದ ಬಾಗಿಲಿನಿಂದ ಹೋದ ಲ್ಯಾಪ್‌ಟಾಪ್‌ಗೆ ಹಣ ಬರುವುದಿಲ್ಲ ಎಂದು ಮೊದಲೇ ಹೇಳಿರಬೇಕು. ಗೆದ್ದಲು, ತುಕ್ಕು, ಹಳೆಯದಾಗಿ ಸವೆದದ್ದು, ಇವುಗಳ ಬಗ್ಗೆ ಚರ್ಚೆಯೇ ಇಲ್ಲ, ವಿಮೆ ಇರುವುದು ಆಕಸ್ಮಿಕಕ್ಕೆ.

ಇನ್ನು ಕಾರು. ಇದರಲ್ಲಿ ಮೂರು ಪದರ. ನಮ್ಮ ಕಾರಿನಿಂದ ಬೇರೆಯವರ ಜೀವಕ್ಕೆ, ಮೈಗೆ, ಆಸ್ತಿಗೆ ಆದ ಹಾನಿಗೆ ಥರ್ಡ್ ಪಾರ್ಟಿ. ಬಹುತೇಕ ದೇಶಗಳಲ್ಲಿ ಕಡ್ಡಾಯವಾಗಿರುವುದು ಇದು. ಡಿಕ್ಕಿಯಲ್ಲಿ ನಮ್ಮದೇ ಕಾರಿಗೆ ಆದ ಹಾನಿ ಎರಡನೆಯದು. ಡಿಕ್ಕಿಯಿಲ್ಲದೆ ಆಗುವ ಕಳವು, ಬೆಂಕಿ, ಬಿದ್ದ ಮರ, ನೆರೆನೀರು ಮೂರನೆಯದು. ಎರಡು, ಮೂರನ್ನು ಕೆಲವೆಡೆ ಒಟ್ಟಿಗೇ ಕೊಡುತ್ತಾರೆ, ಕೆಲವೆಡೆ ಬೇರೆ ಬೇರೆಯಾಗಿ ಮಾರುತ್ತಾರೆ. ಹಳೆಯ ಕಾರಿನವರು ಹಣ ಉಳಿಸಲು ಕಡೆಯ ಎರಡನ್ನು ಬಿಟ್ಟರೆ ಅದು ಲೆಕ್ಕಾಚಾರದ ಮಾತು, ತಪ್ಪಿಲ್ಲ. ಆದರೆ ಥರ್ಡ್ ಪಾರ್ಟಿಯ ಮೊತ್ತಕ್ಕೆ ಮಿತಿ ಇರುವ ಕಡೆ ಅದನ್ನು ಕನಿಷ್ಠಕ್ಕೆ ಇಳಿಸುವುದನ್ನು ನಾವು ಒಪ್ಪುವುದಿಲ್ಲ. ಕಾರು ಹೋದರೆ ಹೋಗುವುದು ಕಾರಿನ ಬೆಲೆ. ಒಬ್ಬರ ಕೈಕಾಲು ಹೋದರೆ ಕೋರ್ಟು ಹೇಳುವ ಪರಿಹಾರಕ್ಕೆ ಮನೆಯನ್ನೂ ಮಾರಬೇಕಾಗಬಹುದು.

ಕಾರಿನ ಫಾರಂನಲ್ಲಿ ತಪ್ಪುವ ಉತ್ತರಗಳು ಎರಡು. ಯಾರು ಓಡಿಸುತ್ತಾರೆ, ಯಾತಕ್ಕೆ ಓಡಿಸುತ್ತಾರೆ. ದಿನಾ ಓಡಿಸುವುದು ಈಗಷ್ಟೇ ಲೈಸೆನ್ಸ್ ಪಡೆದ ಮಗ, ಫಾರಂನಲ್ಲಿ ಮುಖ್ಯ ಚಾಲಕರೆಂದು ಬರೆಸುವುದು ಅಪ್ಪನ ಹೆಸರು. ಚಾಲಕರನ್ನು ನೋಡಿ ಪ್ರೀಮಿಯಂ ಹಾಕುವ ಕಡೆ ಇದು ಸುಳ್ಳು ಹೇಳಿಕೆ. ಹಾಗೆಯೇ ಸಂಜೆ ಹೊತ್ತು ಪಾರ್ಸೆಲ್ ತಲುಪಿಸುವ, ಪ್ರಯಾಣಿಕರನ್ನು ಕೂರಿಸಿಕೊಳ್ಳುವ ಕಾರನ್ನು ಬರೀ ಸ್ವಂತ ಬಳಕೆ ಎಂದು ಬರೆಸುವುದು. "ಎಲ್ಲರೂ ಹಾಗೇ ಮಾಡ್ತಾರೆ ಸಾರ್" ಎನ್ನುವುದಕ್ಕೆ ನಮ್ಮ ಉತ್ತರ ಒಂದೇ: ನಿಜ ಬರೆದರೆ ಪ್ರೀಮಿಯಂ ಎಷ್ಟು ಏರುತ್ತದೆ ಎಂದು ಈಗಲೇ ತೆಗೆಸಿ ತೋರಿಸುತ್ತೇವೆ. ಎಷ್ಟೋ ಸಲ ಆ ವ್ಯತ್ಯಾಸ ಅವರು ಹೆದರಿದಷ್ಟು ಇರುವುದಿಲ್ಲ. ಆದರೂ ಮುಚ್ಚಿಡಿ ಎಂದರೆ ಆ ಪ್ರಪೋಸಲ್ ನಮ್ಮ ಕೈಯಿಂದ ಹೋಗುವುದಿಲ್ಲ. ಆಮೇಲೆ ಹಾಕಿಸಿದ ಗ್ಯಾಸ್ ಕಿಟ್, ಬದಲಿಸಿದ ಚಕ್ರ, ದುಬಾರಿ ಮ್ಯೂಸಿಕ್ ಸಿಸ್ಟಂ ಕೂಡ ಇದೇ ಸಾಲಿನವು.

ನೆರೆನೀರಿನಲ್ಲಿ ನಿಂತ ಕಾರಿನ ಬಗ್ಗೆ ಪಾಲಿಸಿ ಕೊಡುವಾಗಲೇ ಒಂದು ಮಾತು ಹೇಳುತ್ತೇವೆ: ಸ್ಟಾರ್ಟ್ ಮಾಡಬೇಡಿ. ಎಂಜಿನ್ ಸಿಲಿಂಡರಿಗೆ ನೀರು ಹೊಕ್ಕಿದ್ದರೆ, ಗಾಳಿಯಂತೆ ಅದು ಅದುಮಿಕೊಳ್ಳದೆ ಕನೆಕ್ಟಿಂಗ್ ರಾಡು ಬಗ್ಗುತ್ತದೆ. ನೀರು ಹೊಕ್ಕದ್ದು ಪ್ರವಾಹದ ಹಾನಿ. ರಾಡು ಬಗ್ಗಿದ್ದು ನೀವು ಕೀಲಿ ತಿರುಗಿಸಿದ್ದರಿಂದ ಆದ ಮುಂದಿನ ಹಾನಿ ಎಂದು ಕಂಪನಿ ಬೇರೆ ಮಾಡುತ್ತದೆ. ಎಂಜಿನ್ ರಕ್ಷಣೆಯ ಆಡ್-ಆನ್, ಅಂದರೆ ಹೆಚ್ಚು ಹಣ ಕೊಟ್ಟು ಸೇರಿಸಿಕೊಳ್ಳುವ ರಕ್ಷಣೆ, ಇಲ್ಲದಿದ್ದರೆ ಆ ಖರ್ಚು ನಿಮ್ಮದೇ. ಎತ್ತಿಸಿಕೊಂಡು ಗ್ಯಾರೇಜಿಗೆ ಒಯ್ಯಬೇಕು, ಬ್ಯಾಟರಿ ಸಂಪರ್ಕ ತೆಗೆಸಬೇಕು, ಅಷ್ಟೇ.

ಈಗ ಫಾರಂ ಮೇಲೆ ಸಹಿ. ವಿಮೆಯಲ್ಲಿ ಪರಮ ವಿಶ್ವಾಸದ ತತ್ವ ಎಂದಾಗ ಎಲ್ಲರೂ ಹಿಡಿಯುವ ತೀರ್ಪು 1766ರ ಕಾರ್ಟರ್ ವಿರುದ್ಧ ಬೋಮ್. ವಿಮೆ ಮಾಡಿಸುವವರಿಗೆ ಮಾತ್ರ ಗೊತ್ತಿರುವ ಸಂಗತಿಯನ್ನು ಅವರು ಬಚ್ಚಿಡಬಾರದು ಎಂದು ಇಂಗ್ಲೆಂಡಿನ ನ್ಯಾಯಾಧೀಶ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಹೇಳಿದ್ದು ಅದರಲ್ಲೇ. ಆದರೆ ಆ ಮೊಕದ್ದಮೆಯಲ್ಲಿ ಗೆದ್ದದ್ದು ವಿಮೆ ಮಾಡಿಸಿದವರು ಎಂಬುದನ್ನು ಮರೆತುಬಿಡುತ್ತಾರೆ. ಅದರಲ್ಲಿ ವಿಮೆ ಮಾಡಿಸಿದ್ದು ಸುಮಾತ್ರಾದ ಒಂದು ಕೋಟೆಗೆ, ಅದಕ್ಕೆ ಇದ್ದ ಅಪಾಯ ವಿಮೆ ಕೊಟ್ಟವನಿಗೂ ತಿಳಿಯಬಹುದಾದದ್ದೇ ಆಗಿತ್ತು. ವಿಶ್ವಾಸ ಎರಡೂ ಕಡೆಯದು. ಬ್ರಿಟನ್ 2012ರ ಕಾಯ್ದೆಯಲ್ಲಿ ಸಾಮಾನ್ಯ ಗ್ರಾಹಕರಿಗೆ ತಾವಾಗಿಯೇ ಎಲ್ಲವನ್ನೂ ಹೇಳುವ ಹೊರೆಯನ್ನು ಇಳಿಸಿ, ಕೇಳಿದ ಪ್ರಶ್ನೆಗೆ ತಕ್ಕ ಎಚ್ಚರಿಕೆಯಿಂದ ಸರಿಯಾಗಿ ಉತ್ತರಿಸಬೇಕು ಎಂಬ ಕಡೆಗೆ ತಿರುಗಿತು. ಎಲ್ಲ ದೇಶಗಳೂ ಅಲ್ಲಿಗೆ ಬಂದಿಲ್ಲ. ಹಾಗಾಗಿ ಹಳೆಯ ಕ್ಲೇಮು, ಹಿಂದೆ ತಿರಸ್ಕಾರವಾದ ಪಾಲಿಸಿ, ಗೋಡೆಯ ಬಿರುಕು, ಇವನ್ನು ಫಾರಂ ಕೇಳದಿದ್ದರೂ ನಾವು ಕೇಳುತ್ತೇವೆ. ಗ್ರಾಹಕರಿಗೆ ಓದಿ ಹೇಳದೆ ಬ್ರೋಕರ್ ಫಾರಂ ತುಂಬಬಾರದು. ಖಾಲಿ ಫಾರಂಗೆ ಸಹಿ ಹಾಕಿಸಿಕೊಂಡು "ಆಮೇಲೆ ನಾನು ತುಂಬ್ಕೋತೀನಿ" ಎನ್ನುವ ಅಭ್ಯಾಸದಷ್ಟು ಅಪಾಯದ್ದು ಈ ಕಸುಬಿನಲ್ಲಿ ಇನ್ನೊಂದಿಲ್ಲ.

ಕೊಟೇಶನ್‌ಗಳು ಬಂದ ಮೇಲೆ ಅವನ್ನು ಒಂದೇ ತಳಹದಿಗೆ ತರಬೇಕು: ಅದೇ ವಿಮಾ ಮೊತ್ತ, ಅದೇ ಡಿಡಕ್ಟಿಬಲ್, ಅದೇ ಆಡ್-ಆನ್. ಅಗ್ಗವಾಗಿ ಕಂಡದ್ದು ಬಹಳ ಸಲ ಡಿಡಕ್ಟಿಬಲ್ ಏರಿಸಿಕೊಂಡು ಅಗ್ಗವಾಗಿರುತ್ತದೆ. ಗ್ರಾಹಕರು ಪ್ರವಾಹದ ರಕ್ಷಣೆ ಬೇಡ ಎಂದರೆ ಬೇಡ, ಆಯ್ಕೆ ಅವರದು. ಆದರೆ ಅದೇ ದಿನ ಒಂದು ಮೇಲ್ ಹೋಗಬೇಕು: ಇದನ್ನು ವಿವರಿಸಿದ್ದೇವೆ, ಇಷ್ಟು ಪ್ರೀಮಿಯಂ ಎಂದು ಹೇಳಿದ್ದೇವೆ, ನೀವು ಬೇಡ ಎಂದಿದ್ದೀರಿ. ಪ್ರೀಮಿಯಂ ಹಣ ನಮ್ಮ ಕೈಯಲ್ಲಿ ಹಾದು ಹೋಗುವುದಾದರೆ ಅದು ಕಚೇರಿ ಖರ್ಚಿನ ಖಾತೆಗೆ ಸೇರುವಂತಿಲ್ಲ, ಬೇರೆ ಖಾತೆಯಲ್ಲೇ ಇರಬೇಕು. ಒಂದು ದಿನದ ಮಟ್ಟಿಗೆ ಸಂಬಳಕ್ಕೆ ತಿರುಗಿಸಿದರೂ ಅದು ದುರುಪಯೋಗವೇ. ಕೊಟೇಶನ್ ಎಂದರೆ ರಕ್ಷಣೆಯಲ್ಲ ಎನ್ನುವುದನ್ನೂ ಹೇಳಬೇಕು. ಕಂಪನಿ ಒಪ್ಪಿ, ಕವರ್ ಯಾವ ತಾರೀಖು ಯಾವ ಗಂಟೆಯಿಂದ ಶುರು ಎಂದು ಬರೆದುಕೊಟ್ಟ ಮೇಲಷ್ಟೇ ಶೋರೂಮಿನಿಂದ ಕಾರು ಹೊರಡಬೇಕು.

ಪಾಲಿಸಿ ಬಂದ ದಿನ ಅದನ್ನು ಫಾರಂ ಪಕ್ಕ ಇಟ್ಟು ಓದುತ್ತೇವೆ. ಹೆಸರು, ವಿಳಾಸ, ಚಾಸಿ ಮತ್ತು ಎಂಜಿನ್ ನಂಬರು, ಸಾಲ ಕೊಟ್ಟ ಬ್ಯಾಂಕಿನ ಹೆಸರು, ಕೇಳಿದ ಎಂಡಾರ್ಸ್‌ಮೆಂಟ್‌ಗಳೆಲ್ಲ ಇವೆಯೇ. ಚಾಸಿ ನಂಬರಿನ ಒಂದಂಕಿ ತಪ್ಪಿದರೆ ಇವತ್ತು ತಿದ್ದುಪಡಿಗೆ ಒಂದು ಪತ್ರ ಸಾಕು, ಕಳವಾದ ಮೇಲೆ ಸಾಲದು.

ನಷ್ಟವಾದಾಗ ಮೊದಲ ಫೋನು ಬರುವುದು ನಮಗೆ. ಹೇಳುವುದು ಇಷ್ಟು: ಹಾನಿ ಇನ್ನೂ ಹೆಚ್ಚದಂತೆ ತಡೆಯಿರಿ, ನೀರು ಬಂದ್ ಮಾಡಿ, ಚಾವಣಿಗೆ ಟಾರ್ಪಾಲು ಹಾಕಿ, ಒರೆಸುವ ಮೊದಲು ಫೋಟೊ ತೆಗೆಯಿರಿ, ಹಾನಿ ಅಳೆಯಲು ಬರುವ ಸರ್ವೇಯರ್ ನೋಡುವ ತನಕ ಹಾಳಾದದ್ದನ್ನು ಎಸೆಯಬೇಡಿ, ಅಪಘಾತವಾದರೆ ಗಾಯಾಳುವಿಗೆ ನೆರವಾಗಿ, ಪೊಲೀಸರಿಗೆ ತಿಳಿಸಿ, ಆದರೆ "ಪೂರ್ತಿ ನಾನೇ ಕೊಡ್ತೀನಿ" ಎಂದು ಬರೆದುಕೊಡಬೇಡಿ. ತಪ್ಪು ಎದುರಿನವರದಾದರೆ ಅವರ ಮೇಲಿನ ಹಕ್ಕು ನಿಮಗೆ ಹಣ ಕೊಟ್ಟ ಕಂಪನಿಗೆ ಹೋಗುತ್ತದೆ. ರಾಜಿಪತ್ರಕ್ಕೆ ನೀವು ಮೊದಲೇ ಸಹಿ ಹಾಕಿದ್ದರೆ ಆ ಹಕ್ಕು ಕೆಟ್ಟು, ಕ್ಲೇಮಿಗೂ ಕುತ್ತು ಬರುತ್ತದೆ.

ಸಣ್ಣ ಗೀರಿಗೆ ಕ್ಲೇಮ್ ಮಾಡಬೇಕೇ ಎನ್ನುವುದು ಕೂಡಿಸಿ ಕಳೆಯುವ ಲೆಕ್ಕ. ರಿಪೇರಿ 6,000, ಡಿಡಕ್ಟಿಬಲ್ 2,000, ಕಂಪನಿ ಕೊಡುವುದು 4,000. 20,000 ಪ್ರೀಮಿಯಂ ಮೇಲೆ ಶೇಕಡ 25 ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದವರಿಗೆ ಸಿಗುವ ರಿಯಾಯಿತಿ, ಇದ್ದು ಅದು ಪೂರ್ತಿ ಹೋದರೆ ಮುಂದಿನ ವರ್ಷವೇ ನಷ್ಟ 5,000. ಹೀಗಿದ್ದಾಗ ಕ್ಲೇಮ್ ಬೇಡ ಎನ್ನುತ್ತೇವೆ. ಆದರೆ ಬೇರೆಯವರಿಗೆ ಪೆಟ್ಟಾಗಿದ್ದರೆ ಈ ಲೆಕ್ಕ ಹಾಕುವ ಹಾಗಿಲ್ಲ, ಅದೆಷ್ಟು ಚಿಕ್ಕದಾಗಿ ಕಂಡರೂ ಕಂಪನಿಗೆ ತಿಳಿಸಲೇಬೇಕು. ತಿಂಗಳುಗಳ ನಂತರ ನೋಟಿಸು ಬಂದಾಗ "ನಮಗೆ ತಿಳಿಸಿರಲಿಲ್ಲ" ಎಂದು ಕಂಪನಿ ಕೈ ತೊಳೆದುಕೊಳ್ಳಬಹುದು.

ಕ್ಲೇಮ್ ಹೊತ್ತಿನ ಆಮಿಷ ಬೇರೆ. ಡಿಡಕ್ಟಿಬಲ್ ಹಣವನ್ನು ಬಿಲ್ಲಿನಲ್ಲೇ ಸೇರಿಸಿಬಿಡೋಣ ಎಂದು ಗ್ಯಾರೇಜಿನವರೇ ಹೇಳುತ್ತಾರೆ, ಕಾರಿನ ಹಳೇ ತಗ್ಗನ್ನೂ ಈ ಅಪಘಾತದ ಲೆಕ್ಕಕ್ಕೆ ಸೇರಿಸೋಣ ಎನ್ನುತ್ತಾರೆ. ವಂಚನೆಯ ಷರತ್ತು ಇರುವ ಪಾಲಿಸಿಯಲ್ಲಿ ಒಂದು ಭಾಗ ಸುಳ್ಳಾದರೆ ನಿಜವಾದ ಭಾಗದ ಹಣವೂ ಕೈತಪ್ಪಬಹುದು. ಬ್ರೋಕರ್ ಗೊತ್ತಿದ್ದೂ ಅದನ್ನು ಮುಂದೆ ಕಳಿಸಿದರೆ ಲೈಸೆನ್ಸಿಗೇ ಸಂಚಕಾರ. ಹಾಗೆಂದು "ಖಂಡಿತ ಬರುತ್ತೆ" ಎಂದು ಭರವಸೆ ಕೊಡುವುದೂ ನಮ್ಮ ಕೆಲಸವಲ್ಲ, ತೀರ್ಮಾನ ಕಂಪನಿಯದು. ನಿರಾಕರಿಸಿದರೆ ಯಾವ ಷರತ್ತಿನ ಮೇಲೆ ಎಂದು ಬರಹದಲ್ಲಿ ಕೇಳುತ್ತೇವೆ, ಷರತ್ತನ್ನು ಘಟನೆಯ ಜೊತೆ ಇಟ್ಟು ವಾದಿಸುತ್ತೇವೆ, ಆಮೇಲೆ ಕಂಪನಿಯ ದೂರು ವಿಭಾಗ, ಅದೂ ಆಗದಿದ್ದರೆ ಅಂಥ ವ್ಯವಸ್ಥೆ ಇರುವ ಕಡೆ ದೂರು ಕೇಳುವ ಸ್ವತಂತ್ರ ಅಧಿಕಾರಿಯಾದ ಒಂಬುಡ್ಸ್‌ಮನ್.

ಬ್ರೋಕರ್ ಕಚೇರಿಯದೇ ತಪ್ಪಾಗುವುದೂ ಉಂಟು. ಹೊಸ ಕಾರು ಸೇರಿಸಿ ಎಂದು ಗ್ರಾಹಕರು ಕಳಿಸಿದ ಮೇಲ್ ಕಂಪನಿಗೆ ಹೋಗದೆ ಉಳಿದು, ಅಷ್ಟರಲ್ಲಿ ಅಪಘಾತವಾದರೆ ಹಿಂದಿನ ತಾರೀಖು ಹಾಕಿ ಪತ್ರ ಸೃಷ್ಟಿಸುವುದು ಅಪರಾಧ. ಗ್ರಾಹಕರಿಗೆ ಇದ್ದದ್ದನ್ನು ತಿಳಿಸಬೇಕು, ನಮ್ಮದೇ ವೃತ್ತಿ ಹೊಣೆಗಾರಿಕೆ ವಿಮೆಯ ಕಂಪನಿಗೆ ಕೂಡಲೇ ತಿಳಿಸಬೇಕು, ಅವರನ್ನು ಕೇಳದೆ ಪರಿಹಾರದ ಮಾತು ಕೊಡಬಾರದು. ಅಂಥ ಹೊತ್ತಿನಲ್ಲಿ ಉಪಯೋಗಕ್ಕೆ ಬರುವುದು ಫೈಲಿನ ಟಿಪ್ಪಣಿ: ಯಾವ ತಾರೀಖು, ಯಾರು, ಏನು ಹೇಳಿದರು, ನಾವು ಏನು ಹೇಳಿದೆವು.

ನವೀಕರಣ ಹತ್ತಿರ ಬಂದಾಗ ಹಳೆಯ ಮೊತ್ತಕ್ಕೇ ರಿನ್ಯೂ ಒತ್ತಿಬಿಡುವುದು ಸುಲಭ. ವರ್ಷದಲ್ಲಿ ಕಟ್ಟುವ ದರ ಏರಿದೆಯೇ, ಮೇಲಂತಸ್ತು ಎದ್ದಿದೆಯೇ, ಮಗಳು ಕಾರು ಓಡಿಸಲು ಶುರುಮಾಡಿದ್ದಾಳೆಯೇ, ಕಾರಿನ ಸಾಲ ತೀರಿದೆಯೇ ಎಂದು ಕೇಳಬೇಕು. ಹೊಸ ಕಂಪನಿಗೆ ಬದಲಿಸಿದರೆ ಬ್ರೋಕರ್‌ಗೆ ಮೊದಲ ವರ್ಷದ ಹೆಚ್ಚು ಕಮಿಷನ್ ಸಿಗುವ ಕಡೆ, ಗ್ರಾಹಕರಿಗೆ ಲಾಭವಿಲ್ಲದೆ ಬದಲಿಸುವುದು ತಪ್ಪು. ಲಾಭ ಇದ್ದೇ ಬದಲಿಸುವುದಾದರೆ ಹಳೆಯ ಪಾಲಿಸಿ ಮುಗಿಯುವ ಗಂಟೆಗೂ ಹೊಸದು ಶುರುವಾಗುವ ಗಂಟೆಗೂ ನಡುವೆ ಒಂದು ನಿಮಿಷದ ಕಂದಕವೂ ಇರಬಾರದು. ನಡುವರ್ಷದಲ್ಲಿ ರದ್ದು ಮಾಡಿದರೆ ಉಳಿದ ದಿನಗಳ ಹಣ ಪೂರ್ತಿ ವಾಪಸ್ ಬರದಿರಬಹುದು, ಎಷ್ಟು ಕಡಿತ ಎಂದು ಮೊದಲೇ ತೋರಿಸಬೇಕು. ನೋ ಕ್ಲೇಮ್ ಬೋನಸ್ ಕಾರಿನ ಬೆನ್ನಿಗೆ ಹೋಗದೆ ವ್ಯಕ್ತಿಯ ಜೊತೆ ಹೋಗುವ ಕಡೆ, ಹಳೆಯ ಕಾರು ಮಾರುವವರು ಕಂಪನಿಯಿಂದ ಅದರ ಪತ್ರ ತೆಗೆದುಕೊಂಡ ಮೇಲೆಯೇ ಪಾಲಿಸಿ ಕೊಂಡವರ ಹೆಸರಿಗೆ ವರ್ಗವಾಗಲಿ. ಆ ಪತ್ರಕ್ಕೆ ಅವಧಿ ಇರುತ್ತದೆ, ಹೊಸ ಕಾರು ಕೊಳ್ಳುವುದು ತಡವಾಗುವಂತಿದ್ದರೆ ಕೊನೆಯ ತಾರೀಖನ್ನು ಫೈಲಿನ ಮೊದಲ ಪುಟದಲ್ಲೇ ಬರೆದಿಡುತ್ತೇವೆ.